ಮೋಡ ಆದ್ರೆ ಏನ್ಮಾಡ್ತಾರೆ?

ಪಾಂಡಿಚೇರಿ ಹತ್ರದ ಆರೋವಿಲ್‌ಗೆ ಹೊರಟಾಗ ಅಮ್ಮಂಗೆ ಹೇಳ್ದೆ, ಅಲ್ಲಿ ಬರೀ ಬಿಸಿಲಲ್ಲೇ ಸಾವಿರ ಜನಕ್ಕೆ ಅಡುಗೆ ಮಾಡ್ತಾರಂತೆ ಅಂತ. ಅವಳು ಹುರುಳಿಕಾಯಿ ನಾರು ತೆಗೀತಾ ಇದ್ಲು, ತಲೆ ಕೂಡ ಎತ್ತಲಿಲ್ಲ, "ಮೋಡ ಆದ್ರೆ ಏನ್ಮಾಡ್ತಾರೆ?" ಅಂದ್ಲು ಅಷ್ಟೇ. ನಂಗೆ ಉತ್ತರ ಗೊತ್ತಿರ್ಲಿಲ್ಲ. ಅದಾದ್ಮೇಲೆ ರಜೆ ಸಿಕ್ಕಾಗೆಲ್ಲ ಸೋಲಾರು, ಗಾಳಿಯಂತ್ರ, ಮಣ್ಣಿನ ಮನೆ ಅಂತ ಸುತ್ತೋ ಚಟ ಹತ್ಕೊಂಡಿದೆ, ಹೋದಲ್ಲೆಲ್ಲ ಇದೊಂದೇ ಪ್ರಶ್ನೆ ಕೇಳ್ಕೊಂಡು ಬರ್ತೀನಿ.

ಆರೋವಿಲ್ ಶುರುವಾಗಿದ್ದು 1968ರಲ್ಲಿ. ಈಗ ಕಾಡಿನ ಮಧ್ಯೆ ಸೈಕಲ್ ಹೊಡ್ಕೊಂಡು ಹೋಗೋರಿಗೆ ಇದು ಒಂದ್ಕಾಲದಲ್ಲಿ ಮಣ್ಣು ಕೊಚ್ಚಿಹೋಗಿ ಬರಡಾಗಿದ್ದ ಕೆಂಪು ನೆಲ ಅಂದ್ರೆ ನಂಬಕ್ಕಾಗಲ್ಲ, ಮೊದಲು ಬದು ಹಾಕಿ ಮಳೆನೀರು ನಿಲ್ಲಿಸಿ ಆಮೇಲೆ ಗಿಡ ನೆಟ್ಟಿದಾರೆ. ಅಲ್ಲಿ ಸುಡದೇ ಇರೋ ಇಟ್ಟಿಗೆ ಮಾಡ್ತಾರೆ, ಮಣ್ಣಿಗೆ ಒಂಚೂರು ಸಿಮೆಂಟ್ ಸೇರಿಸಿ ಕೈಮೆಷಿನ್ನಲ್ಲಿ ಒತ್ತೋದು, ನಾನೂ ಆ ಹಿಡಿಕೆ ಎಳೆದು ನೋಡ್ದೆ, ನಾಲ್ಕನೇ ಇಟ್ಟಿಗೆಗೆ ಸೊಂಟ ಹಿಡ್ಕೊಂಡಿತು. ಆದ್ರೆ ನಾನು ಹೋಗಿದ್ದು ಸೋಲಾರ್ ಕಿಚನ್ ನೋಡಕ್ಕೆ. ತಾರಸಿ ಮೇಲೆ 15 ಮೀಟರ್ ಅಗಲದ ದೊಡ್ಡ ಬಾಣಲೆ, ಒಳಗೆಲ್ಲ ಚಿಕ್ಕ ಚಿಕ್ಕ ಕನ್ನಡಿ ಅಂಟಿಸಿದಾರೆ. ಬಾಣಲೆ ಅಲ್ಲಾಡಲ್ಲ, ಅದರ ಮೇಲೆ ತೂಗ್ತಿರೋ ಉದ್ದನೆ ಕೊಳವೆ ಮಾತ್ರ ಸೂರ್ಯನ್ನ ಹಿಂಬಾಲಿಸ್ಕೊಂಡು ನಿಧಾನಕ್ಕೆ ತಿರುಗತ್ತೆ, ಬಿಸಿಲೆಲ್ಲ ಅದ್ರ ಮೇಲೆ ಬಿದ್ದು ಆ ಕಾವಿಗೆ ನೀರು ಆವಿ ಆಗಿ ಕೆಳಗಡೆ ಅನ್ನ ಬೇಯತ್ತೆ. ನಾನು ಹೋಗಿ ಸುಮಾರು ವರ್ಷ ಆಯ್ತು, ಆ ಸಾರಿನ ರುಚಿ ನೆನಪಿಲ್ಲ, ಉತ್ತರ ಮಾತ್ರ ನೆನಪಿದೆ. ಮೋಡ ಆದ್ರೆ ಡೀಸೆಲ್ ಬಾಯ್ಲರ್. ಅಮ್ಮಂಗೆ ಫೋನ್ ಮಾಡಿ ಹೇಳಿದ್ರೆ "ಹಂಗನ್ನು ಮತ್ತೆ" ಅಂತ ಖುಷಿಪಟ್ಲು, ತಾನೇ ಏನೋ ಗೆದ್ದಂಗೆ.

ಪಾವಗಡದ ಸೋಲಾರ್ ಪಾರ್ಕ್ ನೋಡಕ್ಕೆ ಹೋಗಿದ್ದು ಬೇಸಿಗೇಲಿ, ಅದೊಂದು ತಪ್ಪು. ನಮ್ ಮನೇಲಿ ಪಾವಗಡ ಅಂದ್ರೆ ಶನಿಮಹಾತ್ಮನ ದೇವಸ್ಥಾನ. ಶನಿ ಸೂರ್ಯನ ಮಗ, ಅಪ್ಪ ಮಗಂಗೆ ಆಗಿಬರಲ್ಲ ಅಂತ ಪುರಾಣ, ಈಗ ನೋಡಿದ್ರೆ ಅಪ್ಪನೂ ಅದೇ ತಾಲೂಕಿಗೆ ಬಂದು 13,000 ಎಕರೆ ಹಿಡ್ಕೊಂಡು ಕೂತಿದಾನೆ. ತಿರುಮಣಿ, ವಳ್ಳೂರು, ಬಾಲಸಮುದ್ರ ಈ ಥರ ಐದು ಊರಿನ ಜಮೀನು. 2018ರಲ್ಲಿ ಉದ್ಘಾಟನೆ ಆಗಿ ಮಾರನೇ ವರ್ಷದ ಕೊನೆಗೆ ಪೂರ್ತಿ 2,050 ಮೆಗಾವ್ಯಾಟ್ ಆಯ್ತು. ಅಂಕಿ ಓದೋದು ಬೇರೆ, ಆ ರಸ್ತೆಲಿ ಗಾಡಿ ಓಡ್ಸೋದು ಬೇರೆ, ಎಡಕ್ಕೂ ಬಲಕ್ಕೂ ನೀಲಿ ಹಲಗೆ, ದಿಣ್ಣೆ ಹತ್ತಿದ್ರೆ ಇನ್ನಷ್ಟು ನೀಲಿ, ಕಣ್ಣಿಗೆ ಕೆರೆ ಅನ್ಸತ್ತೆ, ಗಂಟಲಿಗೆ ಮಾತ್ರ ಗೊತ್ತು ಅದು ಕೆರೆ ಅಲ್ಲ ಅಂತ.

ಇಲ್ಲಿ ಸರ್ಕಾರ ಜಮೀನು ಕೊಂಡ್ಕೊಂಡಿಲ್ಲ, ಗುತ್ತಿಗೆಗೆ ತಗೊಂಡಿದೆ, ಇದು ನಂಗೆ ಇಷ್ಟ ಆದ ವಿಷ್ಯ. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಅಂತ ಶುರುವಾಗಿ ಎರಡು ವರ್ಷಕ್ಕೊಮ್ಮೆ 5% ಜಾಸ್ತಿ, 28 ವರ್ಷಕ್ಕೆ. ಟೀ ಅಂಗಡೀಲಿ ಸಿಕ್ಕ ಒಬ್ಬ ಅಜ್ಜ, ತೆಲುಗು ಬೆರೆಸಿದ ಕನ್ನಡದಲ್ಲಿ, ಹತ್ತು ವರ್ಷ ಕಡ್ಲೆಕಾಯಿ ಹಾಕಿದ್ರೆ ಏಳೆಂಟು ವರ್ಷ ಬೀಜದ ದುಡ್ಡೂ ಹುಟ್ತಿರ್ಲಿಲ್ಲ, ಈಗ ಆಕಾಶ ನೋಡೋ ಚಿಂತೆ ಇಲ್ಲ ಅಂದ. ಪಕ್ಕದಲ್ಲಿ ಎಲೆ ಅಡಿಕೆ ಹಾಕ್ಕೊಂಡು ಕೂತಿದ್ದ ಹೆಂಗಸು ಅಷ್ಟೊತ್ತೂ ಸುಮ್ನಿದ್ದೋಳು "ನಿಂಗೆ ಹೊಲ ಐತೆ, ನಂಗೇನೈತೆ" ಅಂದ್ಲು. ಅವಳು ಕಳೆ ಕೀಳಕ್ಕೆ ಹೋಗ್ತಿದ್ದ ಹೊಲದಲ್ಲೆಲ್ಲ ಈಗ ಬೇಲಿ, ಕೂಲಿ ಇಲ್ಲ, ಬಾಡಿಗೆಯಂತೂ ಹೊಲ ಇದ್ದೋರಿಗೆ ಮಾತ್ರ. ಕುರಿ ಮೇಯ್ಸೋರ್ದೂ ಇದೇ ಕಥೆ. ಅಜ್ಜ ಏನೂ ಮಾತಾಡ್ಲಿಲ್ಲ, ಅವಳ ಟೀ ದುಡ್ಡನ್ನೂ ಅವನೇ ಕೊಟ್ಟ. ಇಂಥದ್ದು ಯಾವ ಎನರ್ಜಿ ವಿಡಿಯೋದಲ್ಲೂ ನಾನು ನೋಡಿಲ್ಲ, ಎಲ್ಲಾ ಡ್ರೋನ್ ಶಾಟ್.

ಗೇಟ್ ಹತ್ರ ಇದ್ದ ಹುಡುಗನ್ನ ನಮ್ಮ ಪ್ರಶ್ನೆ ಕೇಳ್ದೆ. "ಮೋಡ ಬಂದ್ರೆ ಕಮ್ಮಿ ಆಗತ್ತೆ ಸಾರ್, ರಾತ್ರಿ ಝೀರೋ." ಇಷ್ಟು ನೇರವಾದ ಉತ್ತರ ಎಲ್ಲೂ ಸಿಕ್ಕಿಲ್ಲ.

ಆ ಝೀರೋಗೆ ದೊಡ್ಡೋರು ಯೋಚ್ನೆ ಮಾಡಿರೋ ಉತ್ತರ ಶರಾವತೀಲಿದೆ. ಕರೆಂಟ್ ಮಿಕ್ಕಾಗ ಗೇರುಸೊಪ್ಪೆ ಡ್ಯಾಮಿನ ನೀರನ್ನ ಮೇಲಿರೋ ತಲಕಳಲೆ ಜಲಾಶಯಕ್ಕೆ ಎತ್ತೋದು, ಬೇಕಾದಾಗ ಕೆಳಗೆ ಬಿಟ್ಟು ಟರ್ಬೈನ್ ತಿರುಗ್ಸೋದು, 2,000 ಮೆಗಾವ್ಯಾಟ್ ಯೋಜನೆ. ಕಾಗದದ ಮೇಲೆ ಚೆನ್ನಾಗೇ ಇದೆ. ಆದ್ರೆ ಸುರಂಗ ಕೊರೀಬೇಕಾಗಿರೋದು ಸಿಂಗಳೀಕ ಇರೋ ಅಭಯಾರಣ್ಯದೊಳಗೆ, ಅದಕ್ಕೇ ಅಲ್ಲಿನ ಜನ ವಿರೋಧ ಮಾಡ್ತಿದಾರೆ. ಬಿಸಿಲಿನ ಕರೆಂಟ್ ಉಳಿಸೋಕೆ ಮಳೆಕಾಡು ಕಡಿಯೋದು ನಂಗಂತೂ ಸರಿ ಅನ್ಸಲ್ಲ.

ಕೊನೇದು ಕಳಸದ ಹತ್ರ ಫ್ರೆಂಡ್ ಒಬ್ಬನ ಸಂಬಂಧಿಕರ ಮನೆ, ಅಡಿಕೆ ತೋಟ, ಜುಲೈ ತಿಂಗಳು, ಮೂರು ದಿನ ಸೂರ್ಯನ ಮುಖ ಕಾಣ್ಲಿಲ್ಲ. ಗುಡ್ಡದ ಹಳ್ಳದಿಂದ ಪೈಪಲ್ಲಿ ನೀರು ತಂದು ಮನೆ ಹಿಂದಿನ ಶೆಡ್ಡಲ್ಲಿ ಒಂದು ಪುಟ್ಟ ಟರ್ಬೈನ್ ಇಟ್ಟಿದಾರೆ, ಸೌಟಿನ ಥರದ ಬಟ್ಟಲುಗಳಿರೋ ಚಕ್ರ, ಒಂದು ಕಿಲೋವ್ಯಾಟ್ ಅಷ್ಟೇ. ಬ್ಯಾಟರಿ ಇಲ್ಲ. ಹಗಲೂ ರಾತ್ರಿ ತಿರುಗ್ತಾನೇ ಇರತ್ತೆ, ಮನೇಲಿ ಖರ್ಚಾಗದ ಕರೆಂಟೆಲ್ಲ ಬಚ್ಚಲಿನ ಹಂಡೇಲಿರೋ ನೀರು ಕಾಯ್ಸೋ ಕಾಯಿಲ್‌ಗೆ ಹೋಗತ್ತೆ, ಪಕ್ಕದಲ್ಲೇ ಒಂದು ಬಲ್ಬ್. ಫ್ರೆಂಡಿನ ಅತ್ತೆ ಅಡುಗೆಮನೇಲಿ ಮಿಕ್ಸಿ ಹಾಕಿದ್ರೆ ಬಚ್ಚಲಿನ ಬಲ್ಬ್ ಮಂಕಾಗತ್ತೆ, ನಿಲ್ಸಿದ್ರೆ ಮತ್ತೆ ಝಗ್ ಅನ್ನತ್ತೆ, ಸ್ನಾನ ಮಾಡ್ತಾ ಮಾಡ್ತಾನೇ ಚಟ್ನಿ ಎಷ್ಟು ನುಣ್ಣಗಾಯ್ತು ಅಂತ ಲೆಕ್ಕ ಹಾಕ್ಬೋದು. "ಮೋಡ ಆದ್ರೆ?" ಅಂದೆ. ಮನೆ ಯಜಮಾನ್ರು ನಕ್ಕು, "ಮೋಡ ಆದ್ರೇನೇ ಮಾರಾಯ್ರೆ ಇದು ಓಡೋದು" ಅಂದ್ರು. ಸಂಕ್ರಾಂತಿ ಹೊತ್ತಿಗೆ ಹಳ್ಳ ಬತ್ತತ್ತೆ, ಆಮೇಲೆ ಸೂರಿನ ಮೇಲಿನ ಸೋಲಾರು. ಆದ್ರೆ ಬಿಟ್ಟಿ ಏನಲ್ಲ. ಮಧ್ಯರಾತ್ರಿ ಕರೆಂಟ್ ಡಿಮ್ ಆಯ್ತು ಅಂದ್ರೆ ಪೈಪಿನ ಬಾಯಿಗೆ ತರಗೆಲೆ ಕಟ್ಕೊಂಡಿದೆ ಅಂತ ಅರ್ಥ, ಕೊಪ್ಪೆ ಹಾಕ್ಕೊಂಡು ಟಾರ್ಚ್ ಹಿಡ್ಕೊಂಡು ಯಾರಾದ್ರೂ ಗುಡ್ಡ ಹತ್ಬೇಕು. ನಾನೂ ಜೊತೆಗೆ ಹೋಗಿದ್ದೆ, ವಾಪಸ್ ಬಂದು ಎಣಿಸ್ದೆ, ಎಡಗಾಲಲ್ಲಿ ಏಳು ಇಂಬಳ.

ಇಷ್ಟೆಲ್ಲ ನೋಡ್ಕೊಂಡು ಬಂದು ಬೆಂಗಳೂರಲ್ಲಿ ನಾನು ಮಾಡಿದ್ದು ಏನು ಅಂದ್ರೆ, ಬಾಡಿಗೆ ಮನೆ, ತಾರಸಿ ನಮ್ದಲ್ಲ, ಅದಕ್ಕೆ ಬಾಲ್ಕನೀಲಿ ಇಡೋಕೆ ಒಂದು ಪೆಟ್ಟಿಗೆ ಥರದ ಸೋಲಾರ್ ಕುಕ್ಕರ್ ತಂದೆ. ಅಮ್ಮ ಕಪ್ಪು ಡಬ್ಬೀಲಿ ತೊಗರಿಬೇಳೆ ಇಟ್ಟು ಗಾಜಿನ ಮುಚ್ಚಳ ಮುಚ್ಚಿದ್ಲು, ಗಂಟೆಗೊಂದ್ಸಲ ಹೋಗಿ ಇಣುಕಿ ನೋಡಿದ್ಲು, ಹನ್ನೊಂದೂವರೆಗೆ ಬೇಳೆ ಅರ್ಧ ಬೆಂದಿತ್ತು, ಆಗ ಮೋಡ ಬಂತು. ಅವಳು ಒಂದು ಮಾತೂ ಆಡ್ಲಿಲ್ಲ. ಡಬ್ಬಿ ಎತ್ಕೊಂಡು ನನ್ನ ಮುಂದೇನೇ ಹಾದು ಹೋಗಿ ಗ್ಯಾಸ್ ಹಚ್ಚಿದ್ಲು.