ಮೊದಲು ನಕಲು, ಆಮೇಲೆ ರಿಪೇರಿ: ಲ್ಯಾಪ್‌ಟಾಪ್ ಏಳದಿದ್ದಾಗ ಕೈಗೆ ಬೇಕಾಗುವ ಪೆನ್‌ಡ್ರೈವ್‌ಗಳು

ಲ್ಯಾಪ್‌ಟಾಪ್ ಆನ್ ಆಗದಿದ್ದರೆ ‘ವಿಂಡೋಸ್ ಹೋಗಿದೆ, ಫಾರ್ಮ್ಯಾಟ್ ಮಾಡಿಬಿಡೋಣ’ ಎನ್ನುವುದು ಎಲ್ಲರ ಬಾಯಲ್ಲೂ ಸಿದ್ಧವಾಗಿರುವ ಉತ್ತರ. ಯಂತ್ರ ಏಳದಿರಲು ಕಾರಣ ವಿದ್ಯುತ್ತು ಅಥವಾ ರ‍್ಯಾಮ್ ಇರಬಹುದು, ಡಿಸ್ಕ್ ಸಾಯುತ್ತಿರಬಹುದು, ಇಲ್ಲವೇ ನಿಜಕ್ಕೂ ವಿಂಡೋಸ್ ಕೆಟ್ಟಿರಬಹುದು. ಫಾರ್ಮ್ಯಾಟ್ ಪರಿಹಾರವಾಗುವುದು ಕೊನೆಯದಕ್ಕೆ ಮಾತ್ರ, ಅದೂ ಎಲ್ಲ ಸಲ ಅಲ್ಲ. ಡಿಸ್ಕ್ ಸಾಯುತ್ತಿರುವಾಗ ಫಾರ್ಮ್ಯಾಟ್ ಮಾಡಿದರೆ ಉಳಿಯಬಹುದಾಗಿದ್ದ ಫೋಟೋ, ದಾಖಲೆಗಳೂ ಹೋಗುತ್ತವೆ.

ಮೊದಲು ಪರದೆಯನ್ನಲ್ಲ, ಯಂತ್ರವನ್ನು ನೋಡಿ. ಪವರ್ ಬಟನ್ ಒತ್ತಿದಾಗ ಫ್ಯಾನ್ ತಿರುಗಿ, ಕ್ಯಾಪ್ಸ್ ಲಾಕ್ ಒತ್ತಿದಂತೆ ಅದರ ದೀಪ ಹತ್ತಿ ಆರುತ್ತಿದ್ದರೆ ಬೋರ್ಡಿಗೆ ಜೀವ ಇದೆ ಎಂದರ್ಥ. ಪರದೆಯ ಮೇಲೆ ಓರೆಯಾಗಿ ಟಾರ್ಚ್ ಬಿಟ್ಟಾಗ ಮಸುಕಾಗಿ ಚಿತ್ರ ಕಂಡರೆ ಹೋಗಿರುವುದು ಬ್ಯಾಕ್‌ಲೈಟ್ ಅಥವಾ ಅದರ ಕೇಬಲ್. ಎಚ್‌ಡಿಎಂಐ ಕೇಬಲಿನಿಂದ ಟಿವಿಗೆ ಜೋಡಿಸಿದರೆ ಕೆಲಸ ಮುಂದುವರಿಯುತ್ತದೆ. ಏನೂ ಅಲುಗಾಡದಿದ್ದರೆ ಚಾರ್ಜರ್ ತೆಗೆದು ಪವರ್ ಬಟನ್ನನ್ನು 30 ಸೆಕೆಂಡು ಒತ್ತಿ ಹಿಡಿದು, ಮತ್ತೆ ಚಾರ್ಜರ್ ಜೋಡಿಸಿ ನೋಡಿ. ದೀಪ ಒಂದೇ ಲಯದಲ್ಲಿ ಮಿಣುಕುತ್ತಿದ್ದರೆ ಎಷ್ಟು ಸಲ ಎಂದು ಎಣಿಸಿಕೊಳ್ಳಿ. ಡೆಲ್, ಎಚ್‌ಪಿ ಯಂತ್ರಗಳಲ್ಲಿ ಆ ಎಣಿಕೆಗೆ ಅರ್ಥವಿದೆ, ಅದು ಆಯಾ ಮಾಡೆಲ್ಲಿನ ಸರ್ವಿಸ್ ಕೈಪಿಡಿಯಲ್ಲಿ ಸಿಗುತ್ತದೆ. ರ‍್ಯಾಮ್ ಬಿಚ್ಚಿ ಹಾಕುವಂತಿದ್ದರೆ ಬ್ಯಾಟರಿಯ ಕನೆಕ್ಟರ್ ಮೊದಲು ತೆಗೆಯಿರಿ, ಆಮೇಲೆ ಒಂದೊಂದೇ ಸ್ಟಿಕ್ ಹಾಕಿ ಪರೀಕ್ಷಿಸಿ. ಪ್ರತಿ ಸಲವೂ ಬೇರೆ ಬೇರೆ ಹೆಸರಿನ ನೀಲಿ ಪರದೆ ಬರುತ್ತಿದ್ದರೆ ನನ್ನ ಮೊದಲ ಅನುಮಾನ ರ‍್ಯಾಮ್ ಮೇಲೆ. ಮೆಮ್‌ಟೆಸ್ಟ್86+ ಅನ್ನು ಪೆನ್‌ಡ್ರೈವಿನಿಂದ ಓಡಿಸಿ, ಕನಿಷ್ಠ ಒಂದು ಸುತ್ತು ಪೂರ್ತಿ ಮುಗಿಯಲಿ. ಒಂದೇ ಒಂದು ದೋಷ ತೋರಿಸಿದರೂ ವಿಂಡೋಸ್ ರಿಪೇರಿಗೆ ಕೈ ಹಾಕಬೇಡಿ. ಕೆಟ್ಟ ರ‍್ಯಾಮ್ ಮೂಲಕ ಬರೆದ ಹೊಸ ವಿಂಡೋಸ್ ಕೂಡ ಕೆಟ್ಟೇ ಇರುತ್ತದೆ.

ಇದಾದ ಮೇಲೆ ಡಿಸ್ಕ್. ವಿಂಡೋಸ್ ಹೇಗೋ ತೆರೆಯುತ್ತಿದ್ದರೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಕು. ತೆರೆಯದಿದ್ದರೆ ಸಿಸ್ಟಮ್‌ರೆಸ್ಕ್ಯೂ ಎಂಬ ಲಿನಕ್ಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ (ಅಂದರೆ ವಿಂಡೋಸ್ ಬದಲು ಅದರಿಂದ ಯಂತ್ರ ಶುರು ಮಾಡಿ), ಅದರಲ್ಲಿರುವ, ಅದೇ ಕೆಲಸ ಮಾಡುವ ಸ್ಮಾರ್ಟ್‌ಸಿಟಿಎಲ್ ಬಳಸಿ. ತಿರುಗುವ ಹಾರ್ಡ್‌ಡಿಸ್ಕಿನಲ್ಲಿ ನೋಡಬೇಕಾದದ್ದು ಮೂರು ಸಾಲು: ರೀಅಲೊಕೇಟೆಡ್ ಸೆಕ್ಟರ್, ಕರೆಂಟ್ ಪೆಂಡಿಂಗ್ ಸೆಕ್ಟರ್, ಅನ್‌ಕರೆಕ್ಟಬಲ್. ಪೆಂಡಿಂಗ್ ಸಂಖ್ಯೆ ಸೊನ್ನೆ ಬಿಟ್ಟು ಮೇಲೇರಿದ್ದರೆ ಓದಲಾಗದ ಜಾಗಗಳು ಈಗಾಗಲೇ ಇವೆ. ಎನ್‌ವಿಎಂಇ ಎಸ್‌ಎಸ್‌ಡಿಯಲ್ಲಿ ‘ಮೀಡಿಯಾ ಅಂಡ್ ಡೇಟಾ ಇಂಟೆಗ್ರಿಟಿ ಎರರ್ಸ್’ ಸಾಲನ್ನು ನೋಡಿ. ಎಸ್‌ಎಸ್‌ಡಿ ಸಾಯುವಾಗ ಸದ್ದು ಮಾಡುವುದಿಲ್ಲ, ಒಂದು ದಿನ ಬಯಾಸ್ (ವಿಂಡೋಸ್‌ಗೂ ಮೊದಲು ಏಳುವ, ಯಂತ್ರದ ಮೂಲ ತಂತ್ರಾಂಶ) ಪಟ್ಟಿಯಿಂದಲೇ ಕಾಣೆಯಾಗಬಹುದು.

ಹೀಗೆ ಸಾಯುತ್ತಿರುವ ಡಿಸ್ಕಿನ ಮೇಲೆ ಚೆಕ್‌ಡಿಸ್ಕ್ ಓಡಿಸುವುದು ಅತಿ ದೊಡ್ಡ ತಪ್ಪು. ಆ ಕಮಾಂಡ್‌ನ ಗುರಿ ಫೈಲ್ ಸಿಸ್ಟಮ್ಮನ್ನು ಸರಿಪಡಿಸುವುದೇ ಹೊರತು ನಿಮ್ಮ ಫೈಲು ಉಳಿಸುವುದಲ್ಲ. ಆರ್ ಆಯ್ಕೆ ಕೊಟ್ಟರೆ ಬಿರುಕು ಬಿಟ್ಟ ಡಿಸ್ಕಿನ ಪ್ರತಿ ಮೂಲೆಯನ್ನೂ ಓದಿಸಿ, ತಾಳೆಯಾಗದ ಕೊಂಡಿಗಳನ್ನು ಕತ್ತರಿಸಿ ಹಾಕುತ್ತದೆ. ಅದರ ಬದಲು ಡಿಡಿರೆಸ್ಕ್ಯೂ ಬಳಸಿ ಇಡೀ ಡಿಸ್ಕನ್ನು ಅಷ್ಟೇ ಅಥವಾ ಅದಕ್ಕಿಂತ ದೊಡ್ಡ ಇನ್ನೊಂದು ಡಿಸ್ಕಿಗೆ ನಕಲಿಸಿ. ಅದು ಸುಲಭವಾಗಿ ಓದಬಲ್ಲ ಭಾಗಗಳನ್ನು ಮೊದಲು ಎತ್ತಿಕೊಂಡು, ಕಷ್ಟದ ಜಾಗಗಳಿಗೆ ಕೊನೆಯಲ್ಲಿ ಬರುತ್ತದೆ. ಮ್ಯಾಪ್ ಫೈಲ್ ಹೆಸರನ್ನು ಕಮಾಂಡ್‌ನಲ್ಲಿ ಕೊಡಲು ಮರೆಯಬೇಡಿ. ನಡುವೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಸಲು ಆಗುವುದು ಆ ಫೈಲಿನಿಂದಲೇ. ಯಾವುದು ಮೂಲ, ಯಾವುದು ಗುರಿ ಎಂಬುದನ್ನು ಎಂಟರ್ ಒತ್ತುವ ಮೊದಲು ಎರಡು ಸಲ ಓದಿ. ಅದಲುಬದಲಾದರೆ ಖಾಲಿ ಡಿಸ್ಕ್ ತುಂಬಿದ ಡಿಸ್ಕಿನ ಮೇಲೆ ಬರೆದುಹೋಗುತ್ತದೆ.

ಡಿಸ್ಕ್ ಆರೋಗ್ಯವಾಗಿದ್ದು ವಿಂಡೋಸ್ ಮಾತ್ರ ಏಳದಿದ್ದರೆ ನಕಲು ಮಾಡುವುದು ಸುಲಭ. ವಿಂಡೋಸ್ ಏಳದಾಗ ಬರುವ ರಿಕವರಿ ಪರದೆಯ ಕಮಾಂಡ್ ಪ್ರಾಂಪ್ಟಿನಲ್ಲಿ ನೋಟ್‌ಪ್ಯಾಡ್ ಎಂದು ಟೈಪ್ ಮಾಡಿ, ಫೈಲ್ ಮೆನುವಿನಲ್ಲಿ ಓಪನ್ ಒತ್ತಿ, ‘ಆಲ್ ಫೈಲ್ಸ್’ ಆರಿಸಿ. ಆ ಪುಟ್ಟ ಕಿಟಕಿಯಲ್ಲೇ ಕಾಪಿ, ಪೇಸ್ಟ್ ಎರಡೂ ನಡೆಯುತ್ತವೆ. ಫೈಲುಗಳು ತುಂಬಾ ಇದ್ದರೆ ರೋಬೋಕಾಪಿ ಕಮಾಂಡ್ ಒಳ್ಳೆಯದು, ಆದರೆ ಅದರ ಮರುಪ್ರಯತ್ನದ ಆಯ್ಕೆಗಳೆರಡನ್ನೂ, ಅಂದರೆ ಆರ್ ಮತ್ತು ಡಬ್ಲ್ಯೂ, 1ಕ್ಕೆ ಇಳಿಸಿ. ಹಾಗೇ ಬಿಟ್ಟರೆ ಓದಲಾಗದ ಒಂದು ಫೈಲಿಗೆ 30 ಸೆಕೆಂಡಿಗೊಮ್ಮೆಯಂತೆ 10 ಲಕ್ಷ ಸಲ ಪ್ರಯತ್ನಿಸುತ್ತಾ ಅಲ್ಲೇ ಕೂತಿರುತ್ತದೆ.

ಈಗ ಪೆನ್‌ಡ್ರೈವ್‌ಗಳ ವಿಷಯ. ಇವನ್ನು ಯಂತ್ರ ಚೆನ್ನಾಗಿರುವಾಗಲೇ ಮಾಡಿಟ್ಟುಕೊಳ್ಳಬೇಕು. ವಿಂಡೋಸ್ 7ರ ಕಾಲದ ರಿಪೇರಿ ಸಿಡಿಯನ್ನು ಮರೆಯಿರಿ, ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಡ್ರೈವೇ ಇಲ್ಲ. ಒಂದು ಪೆನ್‌ಡ್ರೈವ್ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ಮಾಡಿದ ಇನ್‌ಸ್ಟಾಲರ್ ಆಗಿರಲಿ. 8 ಜಿಬಿ ಸಾಕು, ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಐಎಸ್‌ಒ (ಇಡೀ ಇನ್‌ಸ್ಟಾಲರ್ ಇರುವ ಒಂದೇ ಫೈಲು) ಇಳಿಸಿಕೊಂಡು ಒಳಗಿನ ಫೈಲುಗಳನ್ನು ಪೆನ್‌ಡ್ರೈವಿಗೆ ಎಳೆದು ಹಾಕುವವರಿಗೆ ನಡುವೆ ‘ಫೈಲ್ ತುಂಬಾ ದೊಡ್ಡದು’ ಎಂಬ ಸಂದೇಶ ಎದುರಾಗುತ್ತದೆ. ಫ್ಯಾಟ್32 ಎಂಬ ಫಾರ್ಮ್ಯಾಟಿನ ಪೆನ್‌ಡ್ರೈವಿನಲ್ಲಿ 4 ಜಿಬಿ ಮೀರಿದ ಫೈಲು ಕೂರುವುದಿಲ್ಲ, ಐಎಸ್‌ಒ ಒಳಗಿನ ಇನ್‌ಸ್ಟಾಲ್ ಡಾಟ್ ವಿಮ್ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದು. ಬೂಟ್ ಪೆನ್‌ಡ್ರೈವ್ ಮಾಡಿಕೊಡುವ ರೂಫಸ್ ಬಳಸಿದರೆ ಅದೇ ದಾರಿ ಹುಡುಕಿಕೊಳ್ಳುತ್ತದೆ.

ಇನ್ನೊಂದು ಪೆನ್‌ಡ್ರೈವಿಗೆ ವೆಂಟಾಯ್ ಹಾಕಿ. ಆಮೇಲೆ ಸಿಸ್ಟಮ್‌ರೆಸ್ಕ್ಯೂ, ಮೆಮ್‌ಟೆಸ್ಟ್, ಕ್ಲೋನ್‌ಜಿಲ್ಲಾ ಐಎಸ್‌ಒಗಳನ್ನು ಅದಕ್ಕೆ ಸುಮ್ಮನೆ ಕಾಪಿ ಮಾಡಿದರಾಯಿತು, ಬೂಟ್ ಆದಾಗ ಪಟ್ಟಿಯಲ್ಲಿ ಕಾಣುತ್ತವೆ. ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ ಬೂಟ್ ಫೈಲುಗಳನ್ನು ತಡೆಯುವ ವ್ಯವಸ್ಥೆ) ಆನ್ ಇದ್ದರೆ ಮೊದಲ ಸಲ ಅದರ ಕೀಲಿಯನ್ನು ಎನ್‌ರೋಲ್ ಮಾಡಬೇಕಾಗುತ್ತದೆ. ಅಗ್ಗಕ್ಕೆ ಸಿಗುವ ‘1 ಟಿಬಿ’ ಪೆನ್‌ಡ್ರೈವ್ ನಂಬಬೇಡಿ. ಎಚ್2ಟೆಸ್ಟ್‌ಡಬ್ಲ್ಯೂ ಓಡಿಸಿದರೆ ನಿಜವಾದ ಗಾತ್ರ ಗೊತ್ತಾಗುತ್ತದೆ.

ಪೆನ್‌ಡ್ರೈವಿನಷ್ಟೇ ಮುಖ್ಯ ಬಿಟ್‌ಲಾಕರ್ ಕೀಲಿ, ಅಂದರೆ ವಿಂಡೋಸ್ ಎನ್‌ಕ್ರಿಪ್ಟ್ ಮಾಡಿದ (ಬೇರೆಯವರು ಓದದಂತೆ ಬೀಗ ಹಾಕಿದ) ಡಿಸ್ಕನ್ನು ತೆರೆಯುವ ಸಂಖ್ಯೆ. ಮೈಕ್ರೋಸಾಫ್ಟ್ ಖಾತೆಯಿಂದ ಸೆಟಪ್ ಮಾಡಿದ ಬಹಳಷ್ಟು ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ, ಮಾಲೀಕರಿಗೇ ಅದರ ಅರಿವಿರುವುದಿಲ್ಲ. ಬಯಾಸಿನಲ್ಲಿ ಸೆಕ್ಯೂರ್ ಬೂಟ್ ಬದಲಿಸಿದರೂ 48 ಅಂಕಿಗಳ ಕೀಲಿ ಕೇಳಬಹುದು. ಖಾತೆಗೆ ಲಾಗಿನ್ ಆಗಿ ಡಿವೈಸ್ ಪುಟದಿಂದ ಅದನ್ನು ತೆಗೆದು ಕಾಗದದಲ್ಲಿ ಬರೆದಿಡಿ. 2024ರ ಜುಲೈ 19ರಂದು ಭದ್ರತಾ ತಂತ್ರಾಂಶ ಕಂಪನಿ ಕ್ರೌಡ್‌ಸ್ಟ್ರೈಕ್‌ನ ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲೇ ಬೋರ್ಡಿಂಗ್ ಪಾಸ್ ಬರೆದುಕೊಟ್ಟರು. ಸೇಫ್ ಮೋಡಿಗೆ ಹೋಗಿ ಒಂದು ಫೈಲ್ ಅಳಿಸಿದರೆ ಯಂತ್ರ ಏಳುತ್ತಿತ್ತು. ಆದರೆ ಎನ್‌ಕ್ರಿಪ್ಟ್ ಆಗಿದ್ದ ಯಂತ್ರಗಳಲ್ಲಿ ಕೀಲಿ ಇಲ್ಲದೆ ಆ ಫೈಲಿನವರೆಗೆ ಹೋಗುವುದೇ ಕಷ್ಟವಾಗಿತ್ತು.

ಪೆನ್‌ಡ್ರೈವಿನಿಂದ ಬೂಟ್ ಮಾಡಲು, ಯಂತ್ರ ಆನ್ ಆಗುವಾಗ ಒತ್ತಬೇಕಾದದ್ದು ಡೆಲ್ ಮತ್ತು ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲೂ ಎಫ್12, ಆದರೆ ಹಲವು ಮಾಡೆಲ್‌ಗಳಲ್ಲಿ ಮೊದಲು ಬಯಾಸಿನಲ್ಲಿ ಅದನ್ನು ಎನೇಬಲ್ ಮಾಡಬೇಕು. ಇಂಟೆಲ್ 11ನೇ ಮತ್ತು ನಂತರದ ಪೀಳಿಗೆಗಳ ಲ್ಯಾಪ್‌ಟಾಪ್‌ಗಳಲ್ಲಿ ಇನ್‌ಸ್ಟಾಲರ್ ಡಿಸ್ಕನ್ನೇ ತೋರಿಸದಿದ್ದರೆ ಗಾಬರಿ ಬೇಡ. ಅದು ವಿಎಂಡಿ ಎಂಬ ಕಂಟ್ರೋಲರ್ ಹಿಂದೆ ಅಡಗಿರುತ್ತದೆ. ತಯಾರಕರ ಸೈಟಿನಿಂದ ಇಂಟೆಲ್ ಆರ್‌ಎಸ್‌ಟಿ ಡ್ರೈವರ್ ಇಳಿಸಿ, ಬಿಚ್ಚಿ, ಅದೇ ಪೆನ್‌ಡ್ರೈವಿನ ಒಂದು ಫೋಲ್ಡರಿನಲ್ಲಿಡಿ. ‘ಲೋಡ್ ಡ್ರೈವರ್’ ಒತ್ತಿ ಅದನ್ನು ತೋರಿಸಿ. ಬಯಾಸಿನಲ್ಲಿ ವಿಎಂಡಿಯನ್ನೇ ಆಫ್ ಮಾಡುವ ಸಲಹೆ ಎಲ್ಲೆಡೆ ಸಿಗುತ್ತದೆ. ಹೊಸದಾಗಿ ಹಾಕುವಾಗ ಅದು ಸರಿ, ಈಗಿರುವ ವಿಂಡೋಸನ್ನು ಉಳಿಸಬೇಕಿದ್ದರೆ ಅದರಿಂದಲೇ ಬೂಟ್ ನಿಲ್ಲಬಹುದು.

ರಿಪೇರಿಯಲ್ಲಿ ಮೊದಲು ಸ್ಟಾರ್ಟಪ್ ರಿಪೇರ್, ಅದು ಕೈಕೊಟ್ಟರೆ ಇತ್ತೀಚಿನ ಅಪ್‌ಡೇಟ್ ತೆಗೆಯುವುದು. ಅದೂ ಆಗದಿದ್ದರೆ ಕಮಾಂಡ್ ಪ್ರಾಂಪ್ಟ್. ಅಲ್ಲಿ ಡ್ರೈವ್ ಅಕ್ಷರಗಳು ಬದಲಾಗಿರಬಹುದು, ನಿಮ್ಮ ಸಿ ಡ್ರೈವ್ ಡಿ ಆಗಿರಬಹುದು. ಡಿಸ್ಕ್‌ಪಾರ್ಟ್ ತೆರೆದು ‘ಲಿಸ್ಟ್ ವಾಲ್ಯೂಮ್’ ನೋಡಿ. ಬೂಟ್ ಫೈಲ್ ಹೋಗಿದ್ದರೆ ಹಳೆಯ ಲೇಖನಗಳು ಹೇಳುವ ಬೂಟ್‌ರೆಕ್ ಫಿಕ್ಸ್‌ಬೂಟ್ ಯುಇಎಫ್‌ಐ (ಬಯಾಸಿನ ಹೊಸ ರೂಪ) ಯಂತ್ರಗಳಲ್ಲಿ ಬಹಳ ಸಲ ‘ಆಕ್ಸೆಸ್ ಈಸ್ ಡಿನೈಡ್’ ಎಂದುಬಿಡುತ್ತದೆ. ಡಿಸ್ಕ್‌ಪಾರ್ಟಿನಲ್ಲೇ ಬೂಟ್ ಫೈಲುಗಳಿರುವ ಸಣ್ಣ ಫ್ಯಾಟ್32 ಭಾಗವನ್ನು (ಸಾಮಾನ್ಯವಾಗಿ 100 ಅಥವಾ 260 ಎಂಬಿ) ಸೆಲೆಕ್ಟ್ ಮಾಡಿ ಝಡ್ ಅಕ್ಷರ ಕೊಟ್ಟು ಹೊರಬನ್ನಿ. ಆಮೇಲೆ ಬಿಸಿಡಿಬೂಟ್ ಕಮಾಂಡ್‌ಗೆ ವಿಂಡೋಸ್ ಫೋಲ್ಡರಿನ ದಾರಿ, ಎಸ್ ಆಯ್ಕೆಗೆ ಝಡ್, ಎಫ್ ಆಯ್ಕೆಗೆ ಯುಇಎಫ್‌ಐ ಕೊಟ್ಟರೆ ಬೂಟ್ ಫೈಲುಗಳು ಹೊಸದಾಗಿ ಬರೆಯಲ್ಪಡುತ್ತವೆ. ಇಲ್ಲಿಂದ, ವಿಂಡೋಸ್ ಫೈಲುಗಳನ್ನು ಪರೀಕ್ಷಿಸುವ ಎಸ್‌ಎಫ್‌ಸಿ ಓಡಿಸುವಾಗ ಆಫ್‌ಬೂಟ್‌ಡಿರ್, ಆಫ್‌ವಿನ್‌ಡಿರ್ ಎರಡನ್ನೂ ಕೊಡಲೇಬೇಕು. ಇಲ್ಲದಿದ್ದರೆ ಅದು ಪರೀಕ್ಷಿಸುವುದು ನಿಮ್ಮ ವಿಂಡೋಸನ್ನಲ್ಲ.

ಕೊನೆಗೆ ವಿಂಡೋಸನ್ನು ಹೊಸದಾಗಿ ಹಾಕಲೇಬೇಕಾದರೆ, ಕನ್ನಡದಲ್ಲಿ ಕೆಲಸ ಮಾಡುವವರು ಫಾಂಟ್ ಫೋಲ್ಡರನ್ನೂ ನಕಲಿಸಿಕೊಳ್ಳಿ. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ, ಶ್ರೀಲಿಪಿ ಕಡತಗಳು ಆ ಹಳೆಯ ಫಾಂಟ್ ಇಲ್ಲದೆ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಬಳಕೆದಾರರಿಗೆ ಮಾತ್ರ ಹಾಕಿದ ಫಾಂಟ್‌ಗಳು ವಿಂಡೋಸ್ ಫೋಲ್ಡರಿನಲ್ಲಿ ಇರುವುದಿಲ್ಲ, ಆಪ್‌ಡೇಟಾ ಒಳಗಿನ ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಫಾಂಟ್ಸ್ ಎಂಬ ದಾರಿಯಲ್ಲಿ ಸಿಗುತ್ತವೆ.

ಮಾಡಿಟ್ಟ ಇನ್‌ಸ್ಟಾಲರ್ ಪೆನ್‌ಡ್ರೈವನ್ನು ಆಗಾಗ ಹೊಸದಾಗಿ ಬರೆಯಬೇಕು. ಸೆಕ್ಯೂರ್ ಬೂಟ್‌ನ 2011ರ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಮುಗಿಯತೊಡಗುತ್ತದೆ. ಹಳೆಯ ಬೂಟ್ ಫೈಲುಗಳನ್ನು ಯಂತ್ರವೇ ನಿಷೇಧಪಟ್ಟಿಗೆ ಸೇರಿಸಿಕೊಂಡಿದ್ದರೆ ಹಳೆಯ ಪೆನ್‌ಡ್ರೈವ್ ಏಳುವುದಿಲ್ಲ. ಬರೆದ ದಿನವೇ ಬೂಟ್ ಮಾಡಿ ಮೊದಲ ಪರದೆ ಬಂತೇ ಎಂದು ನೋಡಿ, ತಾರೀಕನ್ನು ಪೆನ್‌ಡ್ರೈವ್ ಮೇಲೆ ಅಂಟಿಸಿಡಿ.