ಸೂಪು ಕೆಟ್ಟಿದ್ದು ಒಲೆ ಆರಿಸಿದ ಮೇಲೆ

ನನ್ನ ಕೆಲಸ ಅಡುಗೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಕಾಲೇಜಿನ ಊಟದ ಹಾಲ್‌ನಲ್ಲಿ ಕುಕ್ ಆಗಿದ್ದೇನೆ. ನನ್ನ ಊರು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ. ಮದುವೆ ಮನೆಗಳಲ್ಲಿ ದೊಡ್ಡ ದೊಡ್ಡ ಕೊಪ್ಪರಿಗೆ ಮುಂದೆ ನಿಂತು ಕಲಿತವನು ನಾನು. ಆಮೇಲೆ ಬೆಂಗಳೂರಲ್ಲಿ ಆರು ವರ್ಷ ಹೋಟೆಲ್ ಕೆಲಸ. ಹಾಗಾಗಿ ಇಲ್ಲಿಗೆ ಬಂದ ಮೊದಲ ನವೆಂಬರಿನಲ್ಲಿ ಶೆಫ್ ಬಂದು, "ನಾಳೆ ಮಧ್ಯಾಹ್ನಕ್ಕೆ ಸ್ಕ್ವಾಶ್ ಸೂಪು. ಟರ್ಕಿ ಕೋಳಿಯ ಖೀಮಾ ಹಾಕಬೇಕು. 150 ಜನಕ್ಕೆ. ಇವತ್ತು ಸಂಜೆನೇ ಮಾಡಿಟ್ಟುಬಿಡು" ಅಂದಾಗ ಒಂಚೂರೂ ಹೆದರಿಕೆ ಆಗಲಿಲ್ಲ. ಸಾವಿರ ಜನಕ್ಕೆ ಸಾರು ಮಾಡಿದವನಿಗೆ 150 ಜನದ ಸೂಪು ಯಾವ ಲೆಕ್ಕ?

ಸ್ಕ್ವಾಶ್ ಅಂದರೆ ನಮ್ಮ ಸಿಹಿಗುಂಬಳದ ಬಳಗದ ಕಾಯಿ. ನಮ್ಮ ಕಡೆ ಚೀನಿಕಾಯಿ ಅಂತೀವಿ. ಇವರು ವಿಂಟರ್ ಸ್ಕ್ವಾಶ್ ಅಂತ ಕರೆದರೂ ಅದು ಬೆಳೆಯೋದು ಬೇಸಿಗೆಯಲ್ಲಿ. ಸಿಪ್ಪೆ ಉಗುರಿಗೆ ಬಗ್ಗದಷ್ಟು ಗಟ್ಟಿಯಾದ ಮೇಲೆ, ಇಬ್ಬನಿ ಹೆಪ್ಪುಗಟ್ಟೋ ಚಳಿ ಬರೋದರೊಳಗೆ, ತೊಟ್ಟಿನ ಸಮೇತ ಕೊಯ್ದು ಚಳಿಗಾಲಕ್ಕೆ ಅಂತ ಎತ್ತಿಡುತ್ತಾರೆ. ನಮ್ಮ ಅಮ್ಮ ಚೀನಿಕಾಯಿಯನ್ನ ಬಾಳೆನಾರಲ್ಲಿ ಕಟ್ಟಿ ಅಟ್ಟದ ಜಂತೆಗೆ ನೇತುಹಾಕ್ತಿದ್ದರಲ್ಲ, ಅದೇ ಬುದ್ಧಿ. ತೊಟ್ಟು ಮುರಿಯಬಾರದು, ಗಾಯ ಆಗಬಾರದು, ಗಾಳಿ ಆಡಬೇಕು. ಇಟ್ಟಷ್ಟು ದಿನ ಒಳಗಿನ ಹಿಟ್ಟಿನಂಶ ನಿಧಾನಕ್ಕೆ ಸಕ್ಕರೆಗೆ ತಿರುಗುತ್ತೆ. ಕೊಯ್ದ ವಾರ ಸಪ್ಪೆ ಇದ್ದದ್ದು ಒಂದೆರಡು ತಿಂಗಳಿಗೆ ಸಿಹಿ ಆಗಿರುತ್ತೆ.

ನಮ್ಮ ಕಿಚನ್‌ಗೆ ಬರೋದು ಬಟರ್‌ನಟ್ ಅನ್ನೋ ಜಾತಿ. ಕೆನೆ ಬಣ್ಣ, ಉದ್ದ ಕುತ್ತಿಗೆ, ಕೆಳಗೆ ದಪ್ಪ ಹೊಟ್ಟೆ. ಬೀಜ ಎಲ್ಲ ಹೊಟ್ಟೆಯಲ್ಲೇ ಇರುತ್ತೆ, ಕುತ್ತಿಗೆ ಪೂರ್ತಿ ತಿರುಳು. ಅದಕ್ಕೇ ಕೊಳ್ಳುವಾಗ ಕುತ್ತಿಗೆ ಉದ್ದ ಇರೋದನ್ನ ಆರಿಸಿಕೊಳ್ಳಬೇಕು. ಈ ಜಾತಿ ಹುಟ್ಟಿದ್ದೂ ಇದೇ ರಾಜ್ಯದಲ್ಲಿ. ಸ್ಟೋ ಅನ್ನೋ ಸಣ್ಣ ಊರಲ್ಲಿ ಚಾರ್ಲ್ಸ್ ಲೆಗ್ಗೆಟ್ ಅನ್ನೋರು 1940ರ ದಶಕದಲ್ಲಿ ಇದನ್ನ ಬೆಳೆಸಿ ತೆಗೆದರು. ಸ್ಕ್ವಾಶ್ ಅನ್ನೋ ಮಾತು ಮಾತ್ರ ಇಂಗ್ಲಿಷರದ್ದಲ್ಲ. ಇಲ್ಲಿನ ಮೂಲನಿವಾಸಿಗಳಾದ ನ್ಯಾರಗ್ಯಾನ್ಸೆಟ್ ಜನರ 'ಅಸ್ಕುಟಸ್ಕ್ವಾಶ್' ಅನ್ನೋ ಪದದ ಬಾಲ ಅದು. ಅರ್ಥ ಹಸಿಯಾಗಿ ತಿನ್ನೋದು ಅಂತ. ಬಟರ್‌ನಟ್ ಹೆಚ್ಚಿದವರು ಯಾರೂ ಆ ಅರ್ಥ ಒಪ್ಪಲಿಕ್ಕಿಲ್ಲ. ಹಸೀದು ಕಲ್ಲು.

ಆ ಕಲ್ಲಿನ ಎರಡು ಪೆಟ್ಟಿಗೆ ಮುಂದಿಟ್ಟುಕೊಂಡು ಕೂತೆ. ಪೆಟ್ಟಿಗೆಗೆ ಸುಮಾರು 18 ಕೆಜಿ. ಬರಿಗೈಯಲ್ಲೇ ಸಿಪ್ಪೆ ಹೆರೆದೆ. ಅರ್ಧ ಗಂಟೆಗೆ ಬೆರಳುಗಳ ಮೇಲೆ ಗೋಂದು ಒಣಗಿದ ಹಾಗೆ ಒಂದು ಪೊರೆ. ತೊಳೆದರೆ ಹೋಗಲ್ಲ. ಚರ್ಮ ಬಿಗಿದು, ಮುಷ್ಟಿ ಕಟ್ಟೋಕೆ ಹೋದರೆ ಚುರುಚುರು. ಹಲಸಿನ ಮೇಣಕ್ಕೆ ಎಣ್ಣೆ ಹಚ್ಚಿದರೆ ಬಿಡುತ್ತೆ, ಇದು ಅದಕ್ಕೂ ಜಗ್ಗಲಿಲ್ಲ. ಪಾತ್ರೆ ತೊಳೆಯೋ ಹುಡುಗ ಎಲ್ ಸಾಲ್ವಡೋರ್ ದೇಶದವನು. ನನ್ನ ಕೈ ನೋಡಿ, "ಅಯೋಟೆ" ಅಂತ ನಕ್ಕು, ಒಂದು ಜೊತೆ ಗ್ಲೌಸ್ ತಂದು ಎಸೆದ. ಅವರ ಊರಲ್ಲಿ ಕುಂಬಳಕ್ಕೆ ಅಯೋಟೆ ಅಂತಾರೆ. ಎರಡು ದಿನ ಬೆರಳ ತುದಿ ಸುಲಿದು ಬಂತು.

ಶೆಫ್ ಕೊಟ್ಟ ರೆಸಿಪಿ ಹತ್ತು ಜನಕ್ಕೆ ಇತ್ತು. ಎಲ್ಲವನ್ನೂ ಹದಿನೈದರಿಂದ ಗುಣಿಸಿದೆ. ನನ್ನ ಮೊದಲ ತಪ್ಪು ಅದು.

ಟರ್ಕಿ ಖೀಮಾದಲ್ಲಿ ಕೊಬ್ಬು ಕಮ್ಮಿ. ಏಳೂವರೆ ಕೆಜಿಯನ್ನ ಒಂದೇ ಸಲ ಪಾತ್ರೆಗೆ ಸುರಿದೆ. ಪಾತ್ರೆ ಸುಂಯ್ ಅಂತು, ಹತ್ತು ಸೆಕೆಂಡಿಗೆ ಸದ್ದು ನಿಂತುಹೋಯ್ತು. ಮಾಂಸ ನೀರು ಬಿಟ್ಟುಕೊಂಡು, ಆ ನೀರಲ್ಲೇ ಬೇಯೋಕೆ ಶುರು. ಬಣ್ಣ ಒದ್ದೆ ಸಿಮೆಂಟಿಂದು. ಖೀಮಾ ಕೆಂಪಗೆ ಹುರಿದಾಗ ತಳಕ್ಕೆ ಕಚ್ಚೋ ಕಂದು ಪದರ ಇರುತ್ತಲ್ಲ, ಸೂಪಿನ ರುಚಿಯ ಅರ್ಧ ಇರೋದು ಅದರಲ್ಲಿ. ನನ್ನ ಪಾತ್ರೆಯಲ್ಲಿ ಅದು ಹುಟ್ಟಲೇ ಇಲ್ಲ.

ಸ್ಟಾಕ್, ಅಂದರೆ ಮೂಳೆ ಅಥವಾ ತರಕಾರಿ ಬೇಯಿಸಿ ಸೋಸಿದ ನೀರು, ಅದರ ಲೆಕ್ಕವೂ ತಪ್ಪಿತು. ಸಣ್ಣ ಪಾತ್ರೆಯಲ್ಲಿ ಬಾಯಿ ಅಗಲ, ಸೂಪು ಕಮ್ಮಿ, ಕುದಿಯುವಾಗ ಬೇಕಾದಷ್ಟು ಆವಿ ಹೋಗುತ್ತೆ. ಮೊಣಕಾಲೆತ್ತರದ ಪಾತ್ರೆಯಲ್ಲಿ ಅಷ್ಟು ಹೋಗಲ್ಲ. ನೀರಾಯ್ತು. ಗಟ್ಟಿ ಆಗಲಿ ಅಂತ ಉರಿ ಜಾಸ್ತಿ ಮಾಡಿದೆ. ಕುಂಬಳದ ಸಿಹಿ ತಳ ಹಿಡಿಯಿತು. ಪುಣ್ಯಕ್ಕೆ ಆಗ ಸೌಟಿನಿಂದ ಕೆರೆಯಲಿಲ್ಲ. ಮದುವೆ ಮನೆಯಲ್ಲಿ ಪಾಯಸ ತಳ ಹಿಡಿದಾಗ ಭಟ್ಟರು ಬೈದು ಕಲಿಸಿದ್ದು ನೆನಪಿತ್ತು: ತಳ ಮುಟ್ಟಬೇಡ, ಮೇಲಿನದ್ದನ್ನ ಬೇರೆ ಪಾತ್ರೆಗೆ ಬಗ್ಗಿಸು. ಹಾಗೇ ಮಾಡಿದೆ. ಸಂಜೆ ಎಂಟೂವರೆಗೆ ಸುಮಾರು 40 ಲೀಟರ್ ಸೂಪು, ತಿನ್ನೋ ಹದಕ್ಕೆ ಬಂದಿತ್ತು. ರುಚಿ? ಪರವಾಗಿಲ್ಲ ಅನ್ನಬಹುದು. ಉಪ್ಪು ಹಾಕಿ, ಸೇಜ್ ಅನ್ನೋ ಪರಿಮಳದ ಎಲೆ ಹಾಕಿ, ಜಾಯಿಕಾಯಿ ತುರಿದು, ಮುಚ್ಚಳ ಮುಚ್ಚಿ, ಇಬ್ಬರು ಹಿಡಿದು ಕೋಣೆಯಷ್ಟು ದೊಡ್ಡ ವಾಕ್-ಇನ್ ಫ್ರಿಜ್ ಒಳಗೆ ಇಟ್ಟು ಮನೆಗೆ ಹೋದೆ. ಆವತ್ತು ಚೆನ್ನಾಗಿ ನಿದ್ದೆ ಬಂತು.

ಬೆಳಗ್ಗೆ ಏಳಕ್ಕೆ ಶೆಫ್ ಪಾತ್ರೆಯ ಪಕ್ಕ ನಿಂತಿದ್ದರು. ಕೈಯಲ್ಲಿ ಥರ್ಮಾಮೀಟರ್. ಏನೂ ಮಾತಾಡದೆ ಅದನ್ನ ನನ್ನ ಕಡೆ ತಿರುಗಿಸಿದರು. 95 ಫ್ಯಾರನ್‌ಹೀಟ್. ಅಂದರೆ 35 ಡಿಗ್ರಿ ಸೆಲ್ಸಿಯಸ್. ಹತ್ತೂವರೆ ಗಂಟೆ ಫ್ರಿಜ್‌ನಲ್ಲಿದ್ದ ಸೂಪಿನ ಹೊಟ್ಟೆ ಇನ್ನೂ ಮೈಬಿಸಿಯಷ್ಟಿತ್ತು.

"ವಾಸನೆ ಚೆನ್ನಾಗೇ ಇದೆಯಲ್ಲ ಶೆಫ್. ಕುದಿಸಿದರೆ ಸರಿ ಹೋಗುತ್ತೆ" ಅಂದೆ. ನಮ್ಮಲ್ಲಿ ಅದೇ ಅಲ್ವಾ ರೂಢಿ? ರಾತ್ರಿ ಉಳಿದ ಸಾರನ್ನ ಬೆಳಗ್ಗೆ ಕುದಿಸಿಬಿಟ್ಟರೆ ಆಯ್ತು.

"ಮೂಗಿಗೆ ಇದು ಗೊತ್ತಾಗಲ್ಲ" ಅಂದರು. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮ್ಯಾಸಚೂಸೆಟ್ಸಿನಲ್ಲಿ ದೊಡ್ಡ ಕಿಚನ್‌ಗಳು ಆಹಾರವನ್ನ ಮಾಮೂಲಿ ಕಸಕ್ಕೆ ಹಾಕೋ ಹಾಗಿಲ್ಲ. 2014ರಿಂದ ಕಾನೂನಿದೆ. ಹಾಗಾಗಿ 40 ಲೀಟರನ್ನೂ ಬಕೆಟ್ ಬಕೆಟ್ ಆಗಿ ಗೊಬ್ಬರದ ಡ್ರಮ್ಮಿಗೆ ನಾನೇ ಹೊತ್ತೆ. ಹೊರಗೆ ಚಳಿ. ಡ್ರಮ್ಮಿಂದ ಹೊಗೆಯಂತೆ ಆವಿ ಏಳ್ತಿತ್ತು. ಇಷ್ಟು ಬಿಸಿ ಇದೆಯಲ್ಲಾ ಇನ್ನೂ ಅಂತ ಆಗ ನನಗೆ ಹೊಳೆದಿದ್ದು.

ಆಮೇಲೆ ಶೆಫ್ ಕೂರಿಸಿಕೊಂಡು ಹೇಳಿದರು. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅಂತ ಒಂದು ಬ್ಯಾಕ್ಟೀರಿಯಾ. ಮಾಂಸದಲ್ಲಿ ಇರೋದು ಸಾಮಾನ್ಯ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತೆ, ಅದರ ಬೀಜಕಣಗಳು ಸಾಯಲ್ಲ. ಸೂಪು ನಿಧಾನಕ್ಕೆ ಆರುತ್ತಾ ಬಂದಾಗ ಅವು ಮೊಳೆತು ಬೆಳೆಯುತ್ತವೆ. 45 ಡಿಗ್ರಿ ಆಸುಪಾಸಿನಲ್ಲಿ ಹತ್ತು ಹನ್ನೆರಡು ನಿಮಿಷಕ್ಕೆ ಇಮ್ಮಡಿ. ಬಣ್ಣ, ವಾಸನೆ, ರುಚಿ ಯಾವುದೂ ಬದಲಾಗಬೇಕು ಅಂತಿಲ್ಲ. ದೊಡ್ಡ ಪಾತ್ರೆಯಲ್ಲಿ ಅಡುಗೆ ಮಾಡಿಡೋ ಕಡೆಯೇ ಇದರ ಕಾಟ ಜಾಸ್ತಿ.

ಇಲ್ಲಿನ ನಿಯಮ ಹೀಗಿದೆ. 57 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯೊಳಗೆ ಇಳಿಯಬೇಕು. ಅಲ್ಲಿಂದ 5 ಡಿಗ್ರಿಗೆ ಬರೋಕೆ ಇನ್ನು ನಾಲ್ಕು ಗಂಟೆ. ಒಟ್ಟು ಆರು. ನನ್ನ ಪಾತ್ರೆ ಹತ್ತು ಗಂಟೆಯಾದರೂ ಮೊದಲ ಮೆಟ್ಟಿಲೇ ಇಳಿದಿರಲಿಲ್ಲ.

ಮದುವೆ ಮನೆಯಲ್ಲಿ ಇದು ಯಾಕೆ ತಲೆಗೆ ಬರಲಿಲ್ಲ ಅಂತ ತುಂಬಾ ದಿನ ಯೋಚಿಸಿದೆ. ಅಲ್ಲಿ ಕೊಪ್ಪರಿಗೆ ಆರೋಕೆ ಪುರುಸೊತ್ತೇ ಇರಲ್ಲ. ಒಲೆಯಿಂದ ಇಳಿಸಿದ್ದು ಬಕೆಟ್ಟಿಗೆ, ಬಕೆಟ್ಟಿಂದ ಬಾಳೆಲೆಗೆ. ಮಾಡಿಟ್ಟು ಮಾರನೇ ದಿನ ಬಡಿಸೋದು ನನಗೆ ಗೊತ್ತಿಲ್ಲದ ಕೆಲಸ. ಗೊತ್ತಿಲ್ಲ ಅನ್ನೋದೂ ಗೊತ್ತಿರಲಿಲ್ಲ. ಇನ್ನೊಂದು, ತಿಳಿಸಾರಿನಲ್ಲಿ ಬಿಸಿ ತಾನಾಗೇ ಮೇಲೆ ಕೆಳಗೆ ಓಡಾಡುತ್ತೆ. ಕುಂಬಳದ ಸೂಪು ಗಂಜಿಯಷ್ಟು ಗಟ್ಟಿ, ಒಳಗಿನ ಬಿಸಿ ಒಳಗೇ ಕೂರುತ್ತೆ. ಮೇಲಿಂದ ನಾನೇ ಮುಚ್ಚಳ ಬೇರೆ ಮುಚ್ಚಿದ್ದೆ.

ಎರಡು ವಾರ ಬಿಟ್ಟು ಅದೇ ಸೂಪನ್ನ ಮತ್ತೆ ನನಗೇ ಕೊಟ್ಟರು. ಈ ಸಲ ಸಿಪ್ಪೆ ಹೆರೆಯೋ ಗೊಡವೆಗೇ ಹೋಗಲಿಲ್ಲ. ಕಾಯಿ ಉದ್ದಕ್ಕೆ ಸೀಳಿ, ಬೀಜ ತೆಗೆದು, ಎಣ್ಣೆ ಸವರಿ, ಕವುಚಿ ಹಾಕಿ 200 ಡಿಗ್ರಿ ಓವನ್‌ನಲ್ಲಿ ಮುಕ್ಕಾಲು ಗಂಟೆ. ಅಂಚು ಕಂದು ಬಣ್ಣಕ್ಕೆ ತಿರುಗಿ, ಚಮಚ ಹಾಕಿದರೆ ತಿರುಳು ಬೆಣ್ಣೆಯ ಹಾಗೆ ಬಂತು. ಖೀಮಾವನ್ನೂ ಪಾತ್ರೆಗೆ ಹಾಕಲಿಲ್ಲ. ಅಗಲದ ಟ್ರೇಗಳಲ್ಲಿ ತೆಳ್ಳಗೆ ಹರಡಿ ಜೋರು ಬಿಸಿಯ ಓವನ್‌ಗೆ ತಳ್ಳಿದೆ. ನೀರು ಆವಿಯಾಗಿ ಹೋಯ್ತು, ಮಾಂಸ ಕೆಂಪಗಾಯ್ತು, 74 ಡಿಗ್ರಿ ದಾಟಿದ್ದನ್ನ ಥರ್ಮಾಮೀಟರಲ್ಲಿ ನೋಡಿಕೊಂಡೆ. ಟ್ರೇಗೆ ಸ್ವಲ್ಪ ಸ್ಟಾಕ್ ಚಿಮುಕಿಸಿ, ಕಚ್ಚಿದ್ದನ್ನೆಲ್ಲ ಉಜ್ಜಿ ಸೂಪಿಗೆ ಬಳಿದುಕೊಂಡೆ.

ಶೆಫ್ ಹೇಳಿಕೊಟ್ಟ ಒಂದು ಉಪಾಯ ನನಗೆ ಬಹಳ ಹಿಡಿಸಿತು. ಹಾಕಬೇಕಾದ ನೀರನ್ನೆಲ್ಲ ಮೊದಲೇ ಹಾಕಬೇಡ. ಮೂರರಲ್ಲಿ ಒಂದು ಪಾಲು ಉಳಿಸಿಕೋ. ಸೂಪು ಗಟ್ಟಿಯಾಗಿ ಮಾಡಿ, ಕೊನೆಗೆ ಆ ಪಾಲನ್ನ ಐಸ್ ಆಗಿ ಹಾಕು. ಹದವೂ ಬಂತು, ಬಿಸಿಯೂ ಇಳಿಯಿತು. ಆಮೇಲೆ ಎರಡು ಇಂಚು ಆಳದ ಟ್ರೇಗಳಿಗೆ ಸುರಿದು, ಮುಚ್ಚಳ ಇಲ್ಲದೆ, ಒಂದರ ಮೇಲೊಂದು ಹೇರದೆ ಫ್ರಿಜ್‌ಗೆ. ಖೀಮಾ ಬೇರೆ ಟ್ರೇಯಲ್ಲಿ. ಎರಡನ್ನೂ ಸೇರಿಸಿದ್ದು ಮಾರನೇ ದಿನ, 74 ಡಿಗ್ರಿಗೆ ಬಿಸಿ ಮಾಡುವಾಗ.

ಗೋಡೆ ಮೇಲಿನ ಹಾಳೆಯಲ್ಲಿ ನನ್ನ ಅಕ್ಷರದಲ್ಲೇ ಇದೆ. 7:40ಕ್ಕೆ 57. 8:35ಕ್ಕೆ 20. 10:50ಕ್ಕೆ 4. ಆವತ್ತು 5 ಡಿಗ್ರಿ ಕೆಳಗಿಳಿಯೋ ತನಕ ಮನೆಗೆ ಹೋಗಲಿಲ್ಲ. ಸುಮ್ನೆ ಪ್ರತಿ ಕಾಲು ಗಂಟೆಗೆ ಬಾಗಿಲು ತೆಗೆದು ನೋಡ್ತಿದ್ದೆ. ಬಾಗಿಲು ಪದೇ ಪದೇ ತೆಗೆದರೆ ಇನ್ನೂ ತಡ ಆಗುತ್ತೆ ಅಂತ ಶೆಫ್ ಗದರಿದರು.

ಮನೆಯಲ್ಲಿ ಮಾಡೋರಿಗೆ ಇಷ್ಟೆಲ್ಲ ರಗಳೆ ಇಲ್ಲ. ಒಂದೂಕಾಲು ಕೆಜಿಯ ಕಾಯಿಗೆ ಅರ್ಧ ಕೆಜಿ ಖೀಮಾ, ಒಂದು ಲೀಟರ್ ಸ್ಟಾಕ್ ಸಾಕು. ಅಗಲ ಬಾಣಲೆಯಲ್ಲಿ ಖೀಮಾವನ್ನ ಎರಡು ಕಂತಲ್ಲಿ ಹುರಿಯಿರಿ. ಹಾಕಿದ ಮೇಲೆ ಮೂರು ನಿಮಿಷ ಕೈ ಕಟ್ಟಿಕೊಂಡು ನಿಲ್ಲಿ, ಕೆದಕಬೇಡಿ. ಅದೇ ಬಾಣಲೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ. ಸುಟ್ಟ ಕುಂಬಳದ ತಿರುಳನ್ನ ಸ್ಟಾಕ್ ಜೊತೆ ರುಬ್ಬಿ, ಖೀಮಾ ಸೇರಿಸಿ ಹತ್ತು ನಿಮಿಷ ಸಣ್ಣ ಉರಿ. ಮಟನ್ ಖೀಮಾ ಆದರೆ ಮೊದಲೇ ಬೇಯಿಸಿಕೊಳ್ಳಿ. ಬಿಸಿ ಇದ್ದಾಗ ಮಿಕ್ಸಿ ಜಾರನ್ನ ತುಂಬಾ ತುಂಬಿಸಬೇಡಿ, ಆವಿಗೆ ಮುಚ್ಚಳ ಹಾರುತ್ತೆ. ಊರಲ್ಲಿ ಸಿಗೋ ಸಿಹಿಗುಂಬಳದಲ್ಲಿ ನೀರು ಜಾಸ್ತಿ, ಸ್ಟಾಕ್ ಕಾಲು ಭಾಗ ಕಮ್ಮಿ ಮಾಡಿ. ಕೊನೆಗೆ ನಿಂಬೆಹುಳಿ ಮರೆತರೆ ಪಾಯಸಕ್ಕೆ ಮಾಂಸ ಹಾಕಿದ ಹಾಗಿರುತ್ತೆ.

ಫೋನಿನಲ್ಲಿ ಅಮ್ಮ ಅಂದದ್ದೂ ಅದೇ. "ಚೀನಿಕಾಯಿಗೆ ಮಾಂಸ ಹಾಕ್ತಾರೇನೋ? ಎಂಥಾ ಜನವೋ ಮಾರಾಯ."

ಈಗ ನಾಲ್ಕನೇ ಚಳಿಗಾಲ. ಕಾಳುಮೆಣಸು ಜಾಸ್ತಿ ಹಾಕೋಕೆ ಶೆಫ್ ಒಪ್ಪಿದ್ದಾರೆ, ಒಣಮೆಣಸಿನ ಒಗ್ಗರಣೆಗೆ ಇನ್ನೂ ಇಲ್ಲ. ಎಲ್ ಸಾಲ್ವಡೋರಿನ ಹುಡುಗನಿಗೆ ಮಾತ್ರ ಒಂದು ಬಟ್ಟಲು ಬೇರೆ ತೆಗೆದಿಟ್ಟು, ಬೆಳ್ಳುಳ್ಳಿ ಮೆಣಸಿನ ಒಗ್ಗರಣೆ ಚುಂಯ್ ಅನ್ನಿಸಿ ಕೊಡುತ್ತೇನೆ. ನಿಂತುಕೊಂಡೇ ಕುಡಿದು ಮುಗಿಸುತ್ತಾನೆ.