ಸಾಯೋಕೆ ಹೊರಟ ಪತ್ತೇದಾರ

ಪತ್ತೇದಾರಿ ಕಾದಂಬರಿ ಅಂದ್ರೆ ಕೊನೇಲಿ ಕೊಲೆಗಾರನ ಕೈಗೆ ಕೋಳ ಬೀಳ್ಲೇಬೇಕು ಅನ್ನೋರು ಲಿಯೊನಾರ್ದೊ ಶಾಶಾ ತಂಟೆಗೆ ಹೋಗ್ಬೇಡಿ. ಇಟಲಿಯ ಸಿಸಿಲಿ ದ್ವೀಪದೋನು, ಮೊದ್ಲು ಸ್ಕೂಲ್ ಮೇಷ್ಟ್ರು, ಆಮೇಲೆ ಎಂಪಿ. 1988ರಲ್ಲಿ ಬಂದ ಅವನ 'ಇಲ್ ಕವಾಲಿಯೆರೆ ಎ ಲಾ ಮೋರ್ತೆ' (ಅಂದ್ರೆ 'ಸವಾರ ಮತ್ತು ಸಾವು') ಅನ್ನೋ ಪುಟ್ಟ ಪುಸ್ತಕದ ಬಗ್ಗೆ ಹೇಳ್ತಿದೀನಿ (ಕಥೆ ಪೂರ್ತಿ ಬಿಚ್ತೀನಿ, ಬೇಡಾದ್ರೆ ಇಲ್ಲೇ ನಿಲ್ಸಿ).

ಹೀರೋ ಒಬ್ಬ ಪೊಲೀಸ್ ಅಧಿಕಾರಿ, ಹೆಸರೇ ಇಲ್ಲ, ಬರೀ ಡೆಪ್ಯುಟಿ. ಕ್ಯಾನ್ಸರ್, ಜಾಸ್ತಿ ದಿನ ಇಲ್ಲ ಅಂತ ಅವನಿಗೇ ಗೊತ್ತು, ಆದ್ರೂ ಒಂದಾದ್ಮೇಲೆ ಒಂದು ಸಿಗರೇಟು ಸೇದ್ತಾನೇ ಇರ್ತಾನೆ, ಸಿಗರೇಟು ಬಿಟ್ಟಿರೋ ಅವನ ಬಾಸ್‌ಗೆ ಅದನ್ನ ನೋಡಿದ್ರೇ ಉರಿ. ಆಫೀಸ್ ಗೋಡೆ ಮೇಲೆ ಜರ್ಮನ್ ಕಲಾವಿದ ಡ್ಯೂರರ್ 1513ರಲ್ಲಿ ಕೆತ್ತಿದ ಚಿತ್ರ, ಕುದುರೆ ಸವಾರ, ಪಕ್ಕದಲ್ಲಿ ಸಾವು, ಹಿಂದೆ ಸೈತಾನ.

ಕೇಸ್ ಏನಪ್ಪಾ ಅಂದ್ರೆ ಸಾಂದೋಜ್ ಅನ್ನೋ ಲಾಯರ್ ಕೊಲೆ. ಅವತ್ತು ರಾತ್ರಿ ದೊಡ್ಡೋರ ಊಟದಲ್ಲಿ, ಯಾರ್ ಎಲ್ಲಿ ಕೂರ್ಬೇಕು ಅಂತ ಟೇಬಲ್ ಮೇಲೆ ಇಡೋ ಹೆಸರಿನ ಚೀಟಿ ಇರತ್ತಲ್ಲ, ಅದರ ಮೇಲೆ ಔರಿಸ್ಪಾ ಅನ್ನೋ ಭಾರೀ ಉದ್ಯಮಿ 'ನಿನ್ನ ಕೊಲ್ತೀನಿ' ಅಂತ ಬರೆದು ಸಾಂದೋಜ್‌ಗೆ ಕಳಿಸಿರ್ತಾನೆ. ವಿಚಾರಿಸಿದ್ರೆ ಅಯ್ಯೋ ಅದು ತಮಾಷೆ ಸ್ವಾಮಿ, ಒಬ್ಬ ಹೆಂಗಸಿನ ವಿಷಯಕ್ಕೆ ಆಡ್ತಿದ್ದ ನಾಟಕ ಅಂತಾನೆ. ಬಾಸ್ ಹೂಂ ಅಂತ ತಲೆ ಅಲ್ಲಾಡಿಸಿ, ಯಾರೋ 'ಎಂಬತ್ತೊಂಬತ್ತರ ಮಕ್ಕಳು' (1789ರ ಫ್ರೆಂಚ್ ಕ್ರಾಂತಿ ನೆನಪಿಸೋ ಹೆಸರು) ಅನ್ನೋ ಕ್ರಾಂತಿಕಾರಿಗಳಂತೆ, ಅವರ ಬೆನ್ನು ಬೀಳ್ತಾನೆ. ಡೆಪ್ಯುಟಿಗೆ ಮಾತ್ರ ಒಂದೇ ಅನುಮಾನ, ಈ ಗುಂಪು ಹುಟ್ಟಿದ್ದೇ ಲಾಯರ್‌ನ ಮುಗ್ಸೋಕಾ, ಇಲ್ಲ ಗುಂಪು ಹುಟ್ಟಿಸೋಕೇ ಲಾಯರ್‌ನ ಮುಗ್ಸಿದ್ರಾ?

ಇದು ಸುಮ್ನೆ ತಲೆಗೆ ಬಂದ ಐಡಿಯಾ ಅಲ್ಲ ಅನ್ಸತ್ತೆ. 1978ರಲ್ಲಿ ಇಟಲಿಯ ಮಾಜಿ ಪ್ರಧಾನಿ ಆಲ್ದೊ ಮೊರೊನ ರೆಡ್ ಬ್ರಿಗೇಡ್ಸ್ ಅನ್ನೋ ಎಡಪಂಥೀಯ ಉಗ್ರರು ಕಿಡ್ನಾಪ್ ಮಾಡಿ ಕೊಂದ್ರಲ್ಲ, ಅದರ ಪಾರ್ಲಿಮೆಂಟ್ ತನಿಖಾ ಸಮಿತೀಲಿ ಶಾಶಾನೇ ಕೂತಿದ್ದ, ಎಲ್ಲರ ಜತೆ ಸಹಿ ಹಾಕ್ದೆ ತನ್ನದೇ ಬೇರೆ ವರದಿ ಕೊಟ್ಟ. 1981ರಲ್ಲಿ ಪಿ2 ಅನ್ನೋ ಗುಪ್ತಕೂಟದ ಪಟ್ಟಿ ಸಿಕ್ಕಾಗ ಅದ್ರಲ್ಲಿ ಮಂತ್ರಿಗಳು, ಮಿಲಿಟರಿ ಜನರಲ್‌ಗಳು, ಗುಪ್ತಚರ ಮುಖ್ಯಸ್ಥರು ಎಲ್ರೂ ಇದ್ರು. ಇಂಥ ದೇಶದಲ್ಲಿ ತನಿಖೆ ಮಾಡೋನಿಗೆ ಪ್ರಮೋಷನ್ ಆಸೆ, ಟ್ರಾನ್ಸ್‌ಫರ್ ಭಯ ಎರಡೂ ಇರಬಾರ್ದು, ಅದಕ್ಕೇ ಶಾಶಾ ಅವನಿಗೆ ಕಾಯಿಲೆ ಕೊಟ್ಟಿದ್ದು ಅಂತ ನನ್ನ ಲೆಕ್ಕ. ಬರೆಯೋವಾಗ ಶಾಶಾಗೂ ಹುಷಾರಿರ್ಲಿಲ್ಲ, 1989ರ ನವೆಂಬರ್‌ನಲ್ಲಿ ಹೋಗೇಬಿಟ್ಟ.

ಮಧ್ಯೆ ಸಾಹಿತ್ಯದ ಮಾತು ಸ್ವಲ್ಪ ಎಳೀತಾನೆ, ಬೋರ್ ಹೊಡೀತು. ಆದ್ರೆ ನೋವಿನ ಬಗ್ಗೆ ಬರೆದಿರೋದು ಕೊಲೆಗಿಂತ ಜೋರಾಗಿದೆ. ಕೊನೇಗೆ ಡೆಪ್ಯುಟಿನ ಕ್ಯಾನ್ಸರ್ ಅಲ್ಲ, ಗುಂಡು ತಗೊಳತ್ತೆ. ನಾಳೆ ಪೇಪರ್‌ನಲ್ಲಿ ಇದನ್ನೂ ಆ 'ಮಕ್ಕಳ' ತಲೆಗೇ ಕಟ್ತಾರೆ ಅಂತ ಬೀಳೋವಾಗ್ಲೇ ಅವನಿಗೆ ಗೊತ್ತಾಗಿರತ್ತೆ.